ಕೊಡಗಿನಲ್ಲಿ ಎಲೆಕ್ಟ್ರಿಕ್ ಕಾರು: ಟಾಪ್ ಎಂಡ್‌ಗೆ ಜಾಸ್ತಿ ದುಡ್ಡು ಕೊಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಹಸಿರು ನಂಬರ್ ಪ್ಲೇಟಿನ ಕಾರು ಈಗ ಅಪರೂಪವೇನಲ್ಲ. ಯಾವ ಕಾರು ಅಂತ ತೀರ್ಮಾನ ಆದಮೇಲೂ ಜನ ತಿಂಗಳುಗಟ್ಟಲೆ ಯೋಚಿಸುವುದು ವೇರಿಯಂಟ್ ಬಗ್ಗೆ, ಅಂದರೆ ಒಂದೇ ಕಾರಿನ ಬೇರೆ ಬೇರೆ ಬೆಲೆ, ಸೌಲಭ್ಯದ ಮಾದರಿಗಳ ಬಗ್ಗೆ. ಬೇಸ್ ಸಾಕಾ, ನಡುವಿನದಾ, ಟಾಪ್ ಎಂಡ್‌ಗೇ ಹೋಗೋದಾ? ಶೋರೂಮಿನಲ್ಲಿ ಕೇಳಿದರೆ ಪಟ್ಟಣದ ರಸ್ತೆ, ಪಟ್ಟಣದ ಬಿಸಿಲಿಗೆ ತಕ್ಕ ಉತ್ತರ ಸಿಗುತ್ತದೆ. ನಮ್ಮ ಮಳೆ, ಮಂಜು, ಘಾಟಿ, ತೋಟದ ದಾರಿ, ಬಂದು ಹೋಗುವ ಕರೆಂಟು ಇವೆಲ್ಲ ಇಟ್ಟುಕೊಂಡು ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಇಲ್ಲಿರುವುದು ಆ ಲೆಕ್ಕ.

ಮೊದಲು ನೇರವಾಗಿ ಹೇಳಿಬಿಡಿ. ಟಾಪ್ ಎಂಡ್ ಬೇಕಾ, ಬೇಡ್ವಾ?

ಕೊಡಗಿನಲ್ಲೇ ಇದ್ದು, ಇಲ್ಲಿನ ರಸ್ತೆಯಲ್ಲೇ ಜಾಸ್ತಿ ಓಡಿಸುವವರಿಗೆ ಬೇಡ. ದೊಡ್ಡ ಬ್ಯಾಟರಿ ಸಿಗುವ ನಡುವಿನ ವೇರಿಯಂಟ್ ತಗೊಳ್ಳಿ. ಉಳಿದ ದುಡ್ಡಿನಲ್ಲಿ ಮನೆಯ ಚಾರ್ಜಿಂಗ್ ಪಾಯಿಂಟ್, ಅರ್ಥಿಂಗ್, ವೈರಿಂಗ್ ಸರಿ ಮಾಡಿಸಿ. ಹಾಗಂತ ಬೇಸ್ ಮಾಡೆಲ್ ತಗೊಳ್ಳಿ ಅಂತಲೂ ನಾನು ಹೇಳುವುದಿಲ್ಲ. ಹಿಂದಿನ ವೈಪರ್, ಗಾಜಿನ ಹಬೆ ತೆಗೆಯುವ ಡಿಫಾಗರ್, ಮಂಜಿನಲ್ಲಿ ದಾರಿ ತೋರುವ ಫಾಗ್ ಲ್ಯಾಂಪ್ ಇಂಥವು ಹಲವು ಕಾರುಗಳ ಬೇಸ್‌ನಲ್ಲಿ ಇರುವುದಿಲ್ಲ. ಇವಿಲ್ಲದೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸುವುದು ಕಷ್ಟ.

ವೇರಿಯಂಟ್ ಮೇಲೆ ಹೋದ ಹಾಗೆ ಬ್ಯಾಟರಿಯೂ ದೊಡ್ಡದಾಗುತ್ತಾ?

ಕಾರಿಂದ ಕಾರಿಗೆ ಬೇರೆ. ದರಪಟ್ಟಿ ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದ್ದು ಇದನ್ನೇ.

2024ರ ಜನವರಿಯಲ್ಲಿ ಬಂದ ಟಾಟಾ ಪಂಚ್ ಇವಿಯಲ್ಲಿ 25 ಮತ್ತು 35 ಕಿಲೋವ್ಯಾಟ್ ಅವರ್‌ನ ಎರಡು ಬ್ಯಾಟರಿ ಇದ್ದವು. ಚಿಕ್ಕದಕ್ಕೆ 82 ಪಿಎಸ್ (ಅಶ್ವಶಕ್ತಿಯ ಅಳತೆ) ಮೋಟರ್, ದೊಡ್ಡದಕ್ಕೆ 122 ಪಿಎಸ್. ಅಂದರೆ ದೊಡ್ಡ ಬ್ಯಾಟರಿ ತಗೊಂಡವರಿಗೆ ದೂರವೂ ಸಿಕ್ಕಿತು, ಏರು ಹತ್ತುವ ಶಕ್ತಿಯೂ ಸಿಕ್ಕಿತು. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನಲ್ಲೂ ಹಾಗೇ: 42ಕ್ಕೆ 135 ಪಿಎಸ್, 51.4ಕ್ಕೆ 171 ಪಿಎಸ್. ಅದರಲ್ಲಿ ದೊಡ್ಡ ಬ್ಯಾಟರಿ ಬೇಕು ಅಂತ ಟಾಪ್ ಎಂಡ್‌ಗೇ ಹೋಗಬೇಕಾಗಿಲ್ಲ, ನಡುವಿನ ವೇರಿಯಂಟ್‌ನಲ್ಲೂ ಕೊಟ್ಟರು.

ಎಂಜಿ ವಿಂಡ್ಸರ್ 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ ಕಥೆ ಬೇರೆ ಇತ್ತು. ಮೂರು ವೇರಿಯಂಟ್‌ಗೂ ಒಂದೇ 38 ಕಿಲೋವ್ಯಾಟ್ ಅವರ್ ಬ್ಯಾಟರಿ, ಒಂದೇ 136 ಪಿಎಸ್ ಮೋಟರ್. ಅಲ್ಲಿ ಮೇಲಿನ ವೇರಿಯಂಟ್‌ಗೆ ಕೊಡುವ ಪ್ರತಿ ರೂಪಾಯಿಯೂ ಗಾಜಿನ ಛಾವಣಿ, ಸೀಟು, ಸ್ಪೀಕರ್ ಇಂಥವಕ್ಕೇ ಹೋಗುತ್ತಿತ್ತು. ಸಂಪಾಜೆ ಘಾಟಿಯಲ್ಲಿ ಬೇಸ್ ಎಷ್ಟು ಚೆನ್ನಾಗಿ ಹತ್ತುತ್ತಿತ್ತೋ ಟಾಪ್ ಎಂಡ್ ಕೂಡ ಅಷ್ಟೇ.

ಮಹೀಂದ್ರಾ ಬಿಇ 6ರಲ್ಲಿ ಶುರುವಿಗೆ 79 ಕಿಲೋವ್ಯಾಟ್ ಅವರ್ ಬ್ಯಾಟರಿ ಪ್ಯಾಕ್ ತ್ರೀ ಅನ್ನುವ ಟಾಪ್ ಎಂಡ್‌ಗೆ ಮಾತ್ರ ಇತ್ತು. 2025ರಲ್ಲಿ ಪ್ಯಾಕ್ ಟೂಗೂ ಬಂತು. ದೊಡ್ಡ ಬ್ಯಾಟರಿ ಮೊದಲು ಟಾಪ್ ಎಂಡ್‌ಗೆ, ಆಮೇಲೆ ಕೆಳಗಿನದಕ್ಕೆ ಇಳಿದು ಬರುವುದುಂಟು. ಅವಸರವಿಲ್ಲದಿದ್ದರೆ ಕಾಯಬಹುದು.

ನಮಗೆ ಎಷ್ಟು ದೊಡ್ಡ ಬ್ಯಾಟರಿ ಬೇಕು?

ಒಂದು ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್ಟೇ. ಮುಂದೆ ನಾನು ಯೂನಿಟ್ ಅಂತಲೇ ಬರೆಯುತ್ತೇನೆ, ಲೆಕ್ಕ ಸುಲಭ.

ಕಂಪನಿ ಹೇಳುವ ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, ಪರೀಕ್ಷಾ ಕೇಂದ್ರದ ಅಂಕಿ. ರಸ್ತೆಯಲ್ಲಿ ಅದರ ಮೂರನೇ ಎರಡು ಭಾಗ, ಚೆನ್ನಾಗಿ ಓಡಿಸಿದರೆ ಮುಕ್ಕಾಲು ಭಾಗ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಚಿಕ್ಕ ಎಸ್‌ಯುವಿಗೆ 100 ಕಿಲೋಮೀಟರಿಗೆ 14ರಿಂದ 15 ಯೂನಿಟ್ ಬೇಕಾಗುತ್ತದೆ. ಅಲ್ಲಿಗೆ 30 ಯೂನಿಟ್ ಬ್ಯಾಟರಿಯಲ್ಲಿ 200 ಕಿಲೋಮೀಟರ್, 45 ಯೂನಿಟ್‌ನಲ್ಲಿ 300.

ಈಗ ನಿಮ್ಮ ಓಡಾಟ ನೋಡಿ. ಸೋಮವಾರಪೇಟೆಯಿಂದ ಮಡಿಕೇರಿಗೆ, ಪೊನ್ನಂಪೇಟೆಯಿಂದ ವಿರಾಜಪೇಟೆಗೆ ಹೋಗಿಬರುವುದಷ್ಟೇ ಆದರೆ 25 ಯೂನಿಟ್ಟೂ ಸಾಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಆಸ್ಪತ್ರೆ, ಮಕ್ಕಳ ಕಾಲೇಜು, ಮದುವೆ, ಎಲ್ಲದಕ್ಕೂ ನಾವು ಓಡುವುದು ಅಲ್ಲಿಗೇ. ಹೋಗಿ ಬರಲು 240. 30 ಯೂನಿಟ್ ಕಾರಿನಲ್ಲಿ ಮೈಸೂರಿನಲ್ಲಿ ಚಾರ್ಜ್ ಮಾಡಲೇಬೇಕು. 45 ಯೂನಿಟ್ ಇದ್ದರೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ, ಯಾವ ಚಾರ್ಜರ್ ಮುಂದೆಯೂ ಕಾಯದೆ ರಾತ್ರಿ ಊಟಕ್ಕೆ ಮನೆ ಸೇರಬಹುದು. ತೋಟದಲ್ಲಿರುವವರಿಗೆ ದೊಡ್ಡ ಬ್ಯಾಟರಿಯ ನಿಜವಾದ ಬೆಲೆ ಇದೇ.

ಬೆಂಗಳೂರಿಗೆ 260ಕ್ಕಿಂತ ಸ್ವಲ್ಪ ಜಾಸ್ತಿ. ವರ್ಷಕ್ಕೆ ನಾಲ್ಕೈದು ಸಲ ಹೋಗುವುದಕ್ಕಾಗಿ 60-70 ಯೂನಿಟ್ ಬ್ಯಾಟರಿಗೆ ಲಕ್ಷಗಟ್ಟಲೆ ಸುರಿಯಬೇಡಿ. ದಾರಿಯಲ್ಲಿ ತಿಂಡಿಗೆ ನಿಂತಾಗ ಫಾಸ್ಟ್ ಚಾರ್ಜ್ ಹಾಕಿದರೆ ಆಯ್ತು.

ಸಂಪಾಜೆ ಘಾಟಿ ಹತ್ತಿದರೆ ಬ್ಯಾಟರಿ ಎಷ್ಟು ಇಳಿಯುತ್ತದೆ?

ಸುಳ್ಯದ ಕಡೆಯಿಂದ ಮಡಿಕೇರಿಗೆ ಬರುವಾಗ ನೀವು ಹತ್ತಿರ ಹತ್ತಿರ 1,000 ಮೀಟರ್ ಎತ್ತರ ಏರುತ್ತೀರಿ. ಕಾರು, ಜನ, ಸಾಮಾನು ಸೇರಿ 1,800 ಕಿಲೋ ಅಂತ ಹಿಡಿದರೆ ಅಷ್ಟು ತೂಕ ಮೇಲೆತ್ತಲು ಸುಮಾರು 5 ಯೂನಿಟ್ ಬೇಕು. ಮೋಟರಿನಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಐದೂವರೆ ಅನ್ನಿ. ಇದು ಮಾಮೂಲಿ ಓಟದ ಖರ್ಚಿನ ಮೇಲೆ. 25 ಯೂನಿಟ್ ಬ್ಯಾಟರಿಗೆ ಇದು ಐದನೇ ಒಂದು ಭಾಗಕ್ಕಿಂತ ಜಾಸ್ತಿ. 45 ಯೂನಿಟ್ ಬ್ಯಾಟರಿಗೆ ಎಂಟನೇ ಒಂದು ಭಾಗ. ಮಂಗಳೂರಿಗೆ ಪದೇ ಪದೇ ಹೋಗುವವರು ದೊಡ್ಡ ಬ್ಯಾಟರಿಗೆ ದುಡ್ಡು ಹಾಕಬೇಕು ಅನ್ನುವುದು ಇದಕ್ಕೇ.

ಮೈಸೂರಿಂದ ಬರುವ ಏರು ಇಷ್ಟಿಲ್ಲ. 400 ಮೀಟರ್ ಹತ್ತಿರ, ಅಂದರೆ 2 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಆದರೆ ಅದು ಮನೆಗೆ ವಾಪಸ್ ಬರುವಾಗ, ಬ್ಯಾಟರಿ ಕಡಿಮೆ ಇರುವಾಗ ಬರುತ್ತದೆ. ಕುಶಾಲನಗರ ದಾಟುವಾಗ ಮೀಟರ್ ನೋಡಿಕೊಳ್ಳಿ.

ಇಳಿಯುವಾಗ ಚಾರ್ಜ್ ವಾಪಸ್ ಬರುತ್ತೆ ಅಂತಾರೆ. ಅದಕ್ಕೆ ಮೇಲಿನ ವೇರಿಯಂಟ್ ಬೇಕಾ?

ವಾಪಸ್ ಬರುವುದು ನಿಜ. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ಎತ್ತರದ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ, ಮೂರು ಯೂನಿಟ್‌ನಷ್ಟು ಬ್ಯಾಟರಿಗೆ ಮರಳುತ್ತದೆ. ಈ ರೀಜನರೇಷನ್ ಬೇಸ್ ಮಾಡೆಲ್‌ನಲ್ಲೂ ಇರುತ್ತದೆ. ಕೆಲವು ಕಾರುಗಳಲ್ಲಿ ಅದರ ಮಟ್ಟವನ್ನು ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಬದಲಿಸುವ ಸೌಲಭ್ಯ ಮೇಲಿನ ವೇರಿಯಂಟ್‌ಗೆ ಮಾತ್ರ. ಇದು ನನಗೆ ತುಂಬ ಇಷ್ಟವಾದ ಸೌಲಭ್ಯ. ತಿರುವಿಗೆ ಮುಂಚೆ ಎಡಗೈ ಬೆರಳಲ್ಲಿ ಒಂದು ಸಲ ಎಳೆದರೆ, ಹಳೇ ಜೀಪಿನಲ್ಲಿ ಸೆಕೆಂಡ್ ಗೇರಿಗೆ ಇಳಿಸಿದ ಹಾಗೆ ಕಾರು ತಾನೇ ಹಿಡಿದುಕೊಳ್ಳುತ್ತದೆ. ಬ್ರೇಕ್ ಬಿಸಿಯಾಗುವುದಿಲ್ಲ. ನಡುವಿನ ವೇರಿಯಂಟ್‌ನಲ್ಲಿ ಪ್ಯಾಡಲ್ ಇದ್ದರೆ ಅದಕ್ಕೊಂದು ಅಂಕ ಜಾಸ್ತಿ ಕೊಡಿ.

ವೇರಿಯಂಟ್ ಯಾವುದೇ ಆಗಲಿ, ಒಂದು ವಿಷಯ ನೆನಪಿಡಿ. ಮಡಿಕೇರಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ನೇರ ಘಾಟಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇನ್ನಷ್ಟು ಕರೆಂಟ್ ಹಾಕಲು ಜಾಗವಿರುವುದಿಲ್ಲ. ಕಾರು ರೀಜನರೇಷನ್ ಕಡಿಮೆ ಮಾಡುತ್ತದೆ, ಎಲ್ಲ ಭಾರ ಮಾಮೂಲಿ ಬ್ರೇಕ್ ಮೇಲೆ ಬೀಳುತ್ತದೆ. ಶೇ 90ಕ್ಕೆ ನಿಲ್ಲಿಸಿ ಹೊರಡಿ. ಪೆರುಂಬಾಡಿ ದಾಟಿ ಮಾಕುಟ್ಟ ಇಳಿದು ಕೇರಳಕ್ಕೆ ಹೋಗುವವರಿಗೂ ಇದೇ ಮಾತು. ಇದೇ ಕಾರಣಕ್ಕೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ವೇರಿಯಂಟ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ಮೇಲಿನ ವೇರಿಯಂಟ್‌ಗೆ 7.2 ಕಿಲೋವ್ಯಾಟ್ ಚಾರ್ಜರ್ ಕೊಡ್ತಾರೆ. ತಗೊಳ್ಳೋದಾ?

ಮೊದಲು ನಿಮ್ಮ ಮನೆಯ ಮೀಟರ್ ಬೋರ್ಡ್ ನೋಡಿ, ಆಮೇಲೆ ತೀರ್ಮಾನ ಮಾಡಿ.

ಮಾಮೂಲಿ 15 ಆಂಪಿಯರ್ ಸಾಕೆಟ್‌ನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತದೆ. 45 ಯೂನಿಟ್ ಬ್ಯಾಟರಿ ಖಾಲಿಯಿಂದ ತುಂಬಲು 15 ಗಂಟೆ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ದಿನಾ ಯಾರು ಖಾಲಿ ಮಾಡ್ತಾರೆ? ದಿನಕ್ಕೆ 50 ಕಿಲೋಮೀಟರ್ ಓಡಿಸಿದರೆ 7 ಯೂನಿಟ್, ಎರಡೂವರೆ ಗಂಟೆಯ ಕೆಲಸ. ರಾತ್ರಿ ಒಂಬತ್ತಕ್ಕೆ ಹಾಕಿ ಬೆಳಿಗ್ಗೆ ಏಳಕ್ಕೆ ತೆಗೆದರೆ 200 ಕಿಲೋಮೀಟರಿಗೆ ಆಗುವಷ್ಟು ತುಂಬಿರುತ್ತದೆ.

7.2 ಕಿಲೋವ್ಯಾಟ್ ಚಾರ್ಜರ್ 32 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಮಂಜೂರಾದ ಲೋಡ್ ಏರಿಸಲು ವಿದ್ಯುತ್ ಕಂಪನಿ ಚೆಸ್ಕಾಂಗೆ ಅರ್ಜಿ ಹಾಕಬೇಕು, ದಪ್ಪ ಕೇಬಲ್ ಬೇಕು, ಶಾರ್ಟ್, ಸೋರಿಕೆ ಆದರೆ ಕರೆಂಟ್ ಕಡಿಯುವ ಬೇರೆ ಎಂಸಿಬಿ, ಆರ್‌ಸಿಸಿಬಿ ಬೇಕು, ಒಳ್ಳೆಯ ಅರ್ಥಿಂಗ್ ಬೇಕು. ಇಷ್ಟೆಲ್ಲ ಮಾಡಿಸಿದರೂ ಟ್ರಾನ್ಸ್‌ಫಾರ್ಮರ್‌ನಿಂದ ದೂರದಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ರ ಹತ್ತಿರ ಇಳಿಯುವುದುಂಟು. ಅಷ್ಟು ಕಡಿಮೆ ವೋಲ್ಟೇಜ್‌ನಲ್ಲಿ ದೊಡ್ಡ ಚಾರ್ಜರ್ ಹಾಕಿದರೆ ಇನ್ನಷ್ಟು ಇಳಿಯುತ್ತದೆ, ಚಾರ್ಜರ್ ತಾನೇ ಆಫ್ ಆಗುತ್ತದೆ. 50,000 ಕೊಟ್ಟು ತಂದ ಚಾರ್ಜರನ್ನು ಕೊನೆಗೆ ಅರ್ಧ ವೇಗದಲ್ಲೇ ಓಡಿಸುವ ಸ್ಥಿತಿ ಬರಬಾರದು. ಬುಕ್ ಮಾಡುವ ಮುಂಚೆ ಒಂದು ವಾರ, ಸಂಜೆ ಏಳಕ್ಕೂ ರಾತ್ರಿ ಹನ್ನೊಂದಕ್ಕೂ ವೋಲ್ಟೇಜ್ ನೋಡಿ ಬರೆದಿಡಿ.

ದೊಡ್ಡ ಚಾರ್ಜರ್ ಪರವಾಗಿ ಒಂದು ಬಲವಾದ ಮಾತಿದೆ. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಕರೆಂಟು ದಿನಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಇರುವ ದಿನಗಳಿವೆ. ಆಗ ಸಿಕ್ಕಿದ ಹೊತ್ತಿನಲ್ಲಿ ಎರಡರಷ್ಟು ತುಂಬಿಕೊಳ್ಳಬಹುದು. ನಿಮ್ಮ ಮನೆಯ ವೋಲ್ಟೇಜ್ ಗಟ್ಟಿ ಇದ್ದು, ಲೈನ್ ಮಾತ್ರ ಪದೇ ಪದೇ ಹೋಗುವುದಾದರೆ ತಗೊಳ್ಳಿ.

ಕೆಲವು ಕಂಪನಿಗಳು ಚಾರ್ಜರನ್ನು ಕಾರಿನ ಬೆಲೆಗೆ ಸೇರಿಸದೆ ಬೇರೆಯಾಗಿ ಮಾರುತ್ತವೆ. ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್ ಎಷ್ಟು ಕಿಲೋವ್ಯಾಟ್ ಅಂತ ಕೇಳಿ. ಅದು 3.3 ಇದ್ದರೆ ಗೋಡೆಗೆ ಎಷ್ಟು ದೊಡ್ಡದನ್ನು ಹಾಕಿಸಿದರೂ 3.3ರಲ್ಲೇ ತುಂಬುತ್ತದೆ.

ತೋಟದ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಮಾಡಬಹುದಾ? ಜನರೇಟರ್‌ನಿಂದ?

ಪಂಪ್‌ಸೆಟ್ ಲೈನ್ ಮುಟ್ಟಬೇಡಿ. ಅದು ನೀರೆತ್ತಲು ಕೊಟ್ಟ ಸಂಪರ್ಕ, ಕಾರಿಗೆ ಬಳಸುವುದು ಕಾನೂನಿಗೆ ವಿರುದ್ಧ.

ಜನರೇಟರ್‌ನಿಂದ ಆಗುತ್ತದೆ, ಆದರೆ ಹಲವು ಚಾರ್ಜರ್‌ಗಳು ಅರ್ಥ್ ಸರಿಯಿಲ್ಲ ಅಂತ ಕೆಂಪು ದೀಪ ತೋರಿಸಿ ನಿಂತುಬಿಡುತ್ತವೆ. ಜನರೇಟರಿನ ನ್ಯೂಟ್ರಲ್ ಅರ್ಥ್‌ಗೆ ಸೇರಿರದಿದ್ದರೆ ಹೀಗಾಗುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲೇ ಸರಿ ಮಾಡಿಸಿ.

ಗೃಹಜ್ಯೋತಿ ಇದೆ. ಕಾರು ಚಾರ್ಜ್ ಮಾಡಿದರೆ?

ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ ನಷ್ಟ ಸೇರಿ 160 ಯೂನಿಟ್ ಹತ್ತಿರ ಬೇಕು. ಮನೆಯ ಖರ್ಚು 60 ಇದ್ದರೂ ಗೃಹಜ್ಯೋತಿಯ 200ರ ಮಿತಿ ದಾಟಿತು. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಇವಿ ಚಾರ್ಜಿಂಗ್‌ಗೆ ಬೇರೆ ದರವೇ ಇದೆ, ಬೇರೆ ಮೀಟರ್ ಹಾಕಿಸಿಕೊಳ್ಳುವುದು ಲಾಭವಾ ಅಂತ ನಿಮ್ಮ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ.

ವಿ2ಎಲ್ ಅಂದರೇನು? ಅದಕ್ಕೆ ಜಾಸ್ತಿ ಕೊಡಬಹುದಾ?

ಕೊಡಬಹುದು. ಮೇಲಿನ ವೇರಿಯಂಟ್‌ಗೆ ಹೋಗಲು ನಾನು ಮನಸ್ಸಿನಿಂದ ಒಪ್ಪುವ ದೊಡ್ಡ ಕಾರಣ ಇದೊಂದೇ.

ವಿ2ಎಲ್ ಅಂದರೆ ಕಾರಿನ ದೊಡ್ಡ ಬ್ಯಾಟರಿಯಿಂದ ಮನೆಯ ಸಾಮಾನುಗಳಿಗೆ 230 ವೋಲ್ಟ್ ಕರೆಂಟ್ ಕೊಡುವ ಸೌಲಭ್ಯ. ಚಾರ್ಜಿಂಗ್ ಪೋರ್ಟಿಗೆ ಒಂದು ಅಡಾಪ್ಟರ್ ಸಿಕ್ಕಿಸಿದರೆ ಅದರ ತುದಿಯಲ್ಲಿ ಮಾಮೂಲಿ ಸಾಕೆಟ್ ಇರುತ್ತದೆ. ಸಾಮಾನ್ಯವಾಗಿ 3 ಕಿಲೋವ್ಯಾಟ್ ಆಸುಪಾಸು ಕೊಡುತ್ತದೆ.

ಜುಲೈ ರಾತ್ರಿ ಗಾಳಿಗೆ ಸಿಲ್ವರ್ ಮರದ ಕೊಂಬೆ ಲೈನಿನ ಮೇಲೆ ಬಿತ್ತು, ಕಂಬ ವಾಲಿತು ಅಂತ ಇಟ್ಟುಕೊಳ್ಳಿ. ಮೊದಲ ದಿನ ಲೈನ್‌ಮ್ಯಾನ್‌ಗೆ ಅಲ್ಲಿಗೆ ತಲುಪಲೂ ಆಗುವುದಿಲ್ಲ, ಅವರು ಬೇರೆ ಹತ್ತು ಕಡೆ ಮಳೆಯಲ್ಲಿ ನಿಂತಿರುತ್ತಾರೆ. ಇನ್ವರ್ಟರ್ ರಾತ್ರಿ ಕಳೆಯುವಷ್ಟರಲ್ಲಿ ಬೀಪ್ ಅನ್ನುತ್ತದೆ. ಫ್ರಿಜ್ಜಿನಲ್ಲಿ ಅಮ್ಮನ ಇನ್ಸುಲಿನ್, ಹಂದಿ ಮಾಂಸ, ಹಾಲು. ಮೊಬೈಲ್ ಬ್ಯಾಟರಿ ಕೆಂಪಾಗಿದೆ. ಆ ಹೊತ್ತಿಗೆ ಪೋರ್ಟಿಕೋದಲ್ಲಿ ನಿಂತ ಕಾರಿನಿಂದ ಒಂದು ಎಕ್ಸ್‌ಟೆನ್ಷನ್ ವಯರ್ ಕಿಟಕಿಯಿಂದ ಒಳಗೆ ಬಂದರೆ ಫ್ರಿಜ್ ಓಡುತ್ತದೆ, ನಾಲ್ಕು ದೀಪ ಉರಿಯುತ್ತವೆ, ವೈಫೈ ಬರುತ್ತದೆ, ಬೆಳಿಗ್ಗೆ ಮಿಕ್ಸಿ ತಿರುಗುತ್ತದೆ.

ಲೆಕ್ಕ ನೋಡಿ. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. 45 ಯೂನಿಟ್ ಕಾರಿನ ಅರ್ಧ ಚಾರ್ಜ್ ಅಂಥ ಹನ್ನೆರಡು ಬ್ಯಾಟರಿಗೆ ಸಮ. ಫ್ರಿಜ್, ದೀಪ, ಮೊಬೈಲ್, ಟಿವಿ ಎಲ್ಲ ಸೇರಿ ದಿನಕ್ಕೆ 3 ಯೂನಿಟ್ ಆದರೆ ಆ ಅರ್ಧದಲ್ಲೇ ವಾರ ಕಳೆಯಬಹುದು. ಉಳಿದ ಅರ್ಧದಲ್ಲಿ ಆಸ್ಪತ್ರೆಗೆ, ಪೇಟೆಗೆ ಹೋಗಿಬರಬಹುದು.

ಇದರಲ್ಲಿ ಎಲ್ಲವೂ ಓಡುವುದಿಲ್ಲ. ಗೀಸರ್ ಬೇಡ. ಬೋರ್‌ವೆಲ್ ಮೋಟರ್ ಸ್ಟಾರ್ಟ್ ಆಗುವಾಗ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ, ಕಾರು ಟ್ರಿಪ್ ಆಗಬಹುದು. ಮತ್ತೆ ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ: ಕಾರಿನ ವಯರನ್ನು ಮನೆಯ ಮೇನ್ ಬೋರ್ಡಿಗೆ ಅಥವಾ ಗೋಡೆಯ ಸಾಕೆಟ್‌ಗೆ ಸಿಕ್ಕಿಸಬೇಡಿ. ಕರೆಂಟು ಹಿಂದಕ್ಕೆ ಲೈನಿಗೆ ಹೋಗುತ್ತದೆ. ಸತ್ತ ಲೈನ್ ಅಂದುಕೊಂಡು ಕಂಬ ಹತ್ತಿದ ಲೈನ್‌ಮ್ಯಾನ್ ಪ್ರಾಣಕ್ಕೆ ಅಪಾಯ.

ವಿ2ಎಲ್ ಬರೆದಿದ್ದರೂ ಅಡಾಪ್ಟರ್ ಜೊತೆಗೆ ಕೊಡ್ತಾರಾ, ಬೇರೆ ಕೊಳ್ಳಬೇಕಾ ಅಂತ ಕೇಳಿ. ಎಷ್ಟು ಚಾರ್ಜ್‌ಗೆ ತಾನೇ ನಿಲ್ಲುವಂತೆ ಇಡಬಹುದು ಅನ್ನುವುದನ್ನೂ ಕೇಳಿ.

ಮಳೆ, ಮಂಜಿಗೆ ಯಾವ ಸೌಲಭ್ಯಗಳು ನಿಜವಾಗಿ ಬೇಕು?

ಜುಲೈನಲ್ಲಿ ಸಂಜೆ ಐದೂವರೆಗೆ ಚೇರಂಬಾಣೆ ದಾಟಿ ಭಾಗಮಂಡಲದ ಕಡೆ ಹೋಗಿ ನೋಡಿ. ಮಂಜು ಬಾನೆಟ್ ಮೇಲೇ ಕೂತಿರುತ್ತದೆ. ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಆಗ ಕೆಲಸಕ್ಕೆ ಬರುವುದು ಬಂಪರಿನ ಕೆಳಗಿರುವ ಫಾಗ್ ಲ್ಯಾಂಪ್, ರಸ್ತೆಯಂಚಿನ ಬಿಳಿ ಪಟ್ಟಿ ಕಾಣಿಸುವುದು ಅದೊಂದೇ. ಸ್ಟೀರಿಂಗ್ ತಿರುಗಿಸಿದ ಕಡೆಯ ಫಾಗ್ ಲ್ಯಾಂಪ್ ಹೊತ್ತಿಕೊಳ್ಳುವ ಕಾರ್ನರಿಂಗ್ ಸೌಲಭ್ಯವಿದ್ದರೆ ತಿರುವಿನ ಒಳಗಿನ ಚರಂಡಿಯೂ ಕಾಣುತ್ತದೆ.

ಹಿಂದಿನ ವೈಪರ್ ಮತ್ತು ಡಿಫಾಗರ್ ಕಡ್ಡಾಯ ಅಂತಲೇ ತಿಳಿಯಿರಿ. ಹಿಂದಿನ ಗಾಜಿಗೆ ಕೆಸರು ಹಾರಿ, ಒಳಗಿಂದ ಹಬೆ ಕಟ್ಟಿದರೆ ಕನ್ನಡಿಯಲ್ಲಿ ಏನೂ ಕಾಣದು. ಹೆಡ್‌ಲೈಟ್ ಎಲ್‌ಇಡಿ ಪ್ರೊಜೆಕ್ಟರ್ ಇದ್ದರೆ ಒಳ್ಳೆಯದು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆ ರಾತ್ರಿ ತೋಟದ ತಿರುವಿನಲ್ಲಿ ಆನೆ ನಿಂತಿರಬಹುದು, ಅದು ದೂರದಿಂದಲೇ ಕಾಣಬೇಕು.

ಕಾಲು ತೆಗೆದರೂ ಬ್ರೇಕ್ ಹಿಡಿದಿರುವ ಆಟೋ ಹೋಲ್ಡ್ ಇರುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಕೂಡ ನಮಗೆ ಉಪಯೋಗ. ಮಡಿಕೇರಿ ಪೇಟೆಯ ಏರಿನಲ್ಲಿ ಬಸ್ಸಿನ ಹಿಂದೆ ನಿಂತು ಹೊರಡುವಾಗ ಗೊತ್ತಾಗುತ್ತದೆ.

ಇವೆಲ್ಲ ಹೆಚ್ಚಿನ ಕಾರುಗಳ ನಡುವಿನ ವೇರಿಯಂಟ್‌ನಲ್ಲೇ ಸಿಗುತ್ತವೆ. ಮಳೆ ಬಿದ್ದಾಗ ತಾನೇ ಓಡುವ ವೈಪರ್‌ಗೆ ಜಾಸ್ತಿ ಕೊಡಬೇಡಿ. ನಮ್ಮಲ್ಲಿ ನಾಲ್ಕು ತಿಂಗಳು ಅದು ಹೇಗೂ ಓಡುತ್ತಲೇ ಇರುತ್ತದೆ.

ಅಡಾಸ್ (ಕ್ಯಾಮೆರಾ ನೋಡಿ ತಾನೇ ಬ್ರೇಕ್ ಹಾಕುವ, ಸ್ಟೀರಿಂಗ್ ಹಿಡಿಯುವ ವ್ಯವಸ್ಥೆ) ಇರಬೇಕಾ?

ದಿನಾ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಹೋಗುವವರಿಗೆ ಪ್ರಯೋಜನ ಇದೆ. ಕೊಡಗಿನ ಒಳರಸ್ತೆಯಲ್ಲಿ ಕ್ಯಾಮೆರಾಕ್ಕೆ ಹಿಡಿದುಕೊಳ್ಳಲು ಪಟ್ಟಿಯೇ ಇರುವುದಿಲ್ಲ. ಇದ್ದರೂ ಮಂಜಿನಲ್ಲಿ, ಎಲೆ ಬಿದ್ದಲ್ಲಿ ಕಾಣುವುದಿಲ್ಲ. ಕಿರಿದಾದ ತಿರುವಿನಲ್ಲಿ ಎದುರಿಂದ ಬಸ್ ಬಂದಾಗ ಕಾರು ತಾನೇ ಸ್ಟೀರಿಂಗ್ ಎಳೆದರೆ ಅಥವಾ ಬ್ರೇಕ್ ಹಾಕಿದರೆ ಗಾಬರಿಯಾಗುತ್ತದೆ. ಹೆಚ್ಚಿನವರು ಲೇನ್ ಎಚ್ಚರಿಕೆಯನ್ನು ಆಫ್ ಮಾಡಿಯೇ ಓಡಿಸುತ್ತಾರೆ.

ಇನ್ನೊಂದು ಖರ್ಚು ಇದೆ. ಅಡಾಸ್ ಕ್ಯಾಮೆರಾ ಮುಂದಿನ ಗಾಜಿಗೆ ಅಂಟಿರುತ್ತದೆ. ಕಲ್ಲು ಹಾರಿ ಗಾಜು ಒಡೆದರೆ ಗಾಜು ಬದಲಿಸಿ ಕ್ಯಾಮೆರಾ ಮತ್ತೆ ಹೊಂದಿಸಬೇಕು. ಆ ಸಲಕರಣೆ ಇರುವ ಸರ್ವಿಸ್ ಸೆಂಟರ್ ನಿಮಗೆ ಎಷ್ಟು ದೂರ ಅಂತ ಮೊದಲೇ ತಿಳಿದುಕೊಳ್ಳಿ.

360 ಡಿಗ್ರಿ ಕ್ಯಾಮೆರಾ?

ಇದು ಒಳ್ಳೆಯದು. ಐನ್‌ಮನೆಯ (ಕೊಡವರ ಮೂಲ ಮನೆಯ) ಓಣಿ, ತೋಟದ ಗೇಟು, ಎರಡೂ ಕಡೆ ಕಲ್ಲುಕಟ್ಟು, ಚರಂಡಿ. ಎದುರು ಜೀಪ್ ಬಂದು ಹಿಂದಕ್ಕೆ ಹೋಗಬೇಕಾದಾಗ ಚಕ್ರ ಎಲ್ಲಿದೆ ಅಂತ ಕಾಣುತ್ತದೆ. ಟಾಪ್ ಎಂಡ್‌ಗೆ ಮಾತ್ರ ಇದ್ದರೆ ಇದೊಂದಕ್ಕೇ ಹೋಗಬೇಡಿ, ಹಿಂದಿನ ಕ್ಯಾಮೆರಾ ಮತ್ತು ಸೆನ್ಸರ್ ಸಾಕು.

ಸನ್‌ರೂಫ್, ತಂಪು ಸೀಟು?

ಬೇಡ. ವರ್ಷದ ಬಹುಪಾಲು ಕಿಟಕಿ ಇಳಿಸಿದರೆ ಸಾಕು ಅನ್ನುವ ಊರು ನಮ್ಮದು. ಸನ್‌ರೂಫಿನ ನೀರು ಹೋಗುವ ಸಣ್ಣ ಕೊಳವೆಗಳಲ್ಲಿ ಮರದ ಕೆಳಗೆ ನಿಲ್ಲಿಸಿದ ಕಾರಿನ ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಮಕ್ಕಳ ಆಸೆಗೆ ತಗೊಳ್ಳುವುದಾದರೆ ಮೇ ತಿಂಗಳಲ್ಲಿ ಆ ಕೊಳವೆ ಸ್ವಚ್ಛ ಮಾಡಿಸಿ.

ಬಟ್ಟೆ ಸೀಟಾ, ಲೆದರೆಟ್ಟಾ (ಕೃತಕ ಚರ್ಮ)?

ಲೆದರೆಟ್. ಮಳೆಗಾಲದಲ್ಲಿ ಒಂದು ವಾರ ಕಾರು ತೆಗೆಯದಿದ್ದರೆ ಸೀಟಿನ ಮೇಲೆ ಬೂಷ್ಟು ಬರುತ್ತದೆ. ಲೆದರೆಟ್ ಆದರೆ ಬಟ್ಟೆಯಲ್ಲಿ ಒರೆಸಿದರೆ ಹೋಯ್ತು. ಬಟ್ಟೆ ಸೀಟಿಗೆ ವಾಸನೆ ಹಿಡಿದರೆ ದೀಪಾವಳಿವರೆಗೂ ಬಿಡುವುದಿಲ್ಲ. ಆದರೆ ಇದಕ್ಕಾಗಿ ವೇರಿಯಂಟ್ ಏರಿಸಬೇಡಿ, ಹೊರಗೆ ಒಳ್ಳೆಯ ಸೀಟ್ ಕವರ್ ಹೊಲಿಸಬಹುದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆ ಜಾಗ ಬಿಟ್ಟ ಕವರ್ ಮಾತ್ರ ಹಾಕಿಸಿ. ಟಾಪ್ ಎಂಡ್‌ಗಳಲ್ಲಿ ಬಿಳಿ ಸೀಟು ಕೊಡುವುದು ಈಗ ರೂಢಿ. ನಮ್ಮ ಕೆಂಪು ಮಣ್ಣಿಗೆ ಅದು ಹೊಂದುವುದಿಲ್ಲ.

ದೊಡ್ಡ ಅಲಾಯ್ ಚಕ್ರ ಚೆನ್ನಾಗಿ ಕಾಣುತ್ತೆ ಅಲ್ವಾ?

ಕಾಣುತ್ತದೆ. ಆದರೆ ಚಕ್ರ ದೊಡ್ಡದಾದ ಹಾಗೆ ಟಯರಿನ ಗೋಡೆ ಚಿಕ್ಕದಾಗುತ್ತದೆ, ಗುಂಡಿಯ ಅಂಚಿಗೆ ಬಡಿದರೆ ಬೇಗ ಸೀಳುತ್ತದೆ. ರೇಂಜೂ ಸ್ವಲ್ಪ ಇಳಿಯುತ್ತದೆ. 16 ಇಂಚು ನಮ್ಮ ರಸ್ತೆಗೆ ಸರಿ. ಅದಕ್ಕಿಂತ ಮುಖ್ಯವಾಗಿ ಸ್ಟೆಪ್ನಿ ಇದೆಯಾ ಅಂತ ಕೇಳಿ. ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಪಂಕ್ಚರ್ ಕಿಟ್ ಮಾತ್ರ ಕೊಡುತ್ತಾರೆ. ಸೀಳಿದ ಟಯರಿಗೆ ಕಿಟ್ ಕೆಲಸ ಮಾಡುವುದಿಲ್ಲ. ಟಯರ್ ಒತ್ತಡ ತೋರಿಸುವ ಟಿಪಿಎಂಎಸ್ ಇದ್ದರೆ ಒಳ್ಳೆಯದು.

ಮೊಬೈಲ್ ಆ್ಯಪ್‌ನಿಂದ ಎಸಿ ಹಾಕುವುದು, ಕಾರು ಹುಡುಕುವುದು?

ಅದಕ್ಕೆ ಕಾರಿಗೂ ನೆಟ್‌ವರ್ಕ್ ಬೇಕು, ನಿಮ್ಮ ಫೋನಿಗೂ ಬೇಕು. ತೋಟದ ಒಳಗೆ ಎರಡೂ ಒಟ್ಟಿಗೆ ಸಿಗುವ ಮನೆ ನಿಮ್ಮದಾದರೆ ನೋಡಿ.

ಸುರಕ್ಷತೆಯಲ್ಲಿ ಬೇಸ್‌ಗೂ ಟಾಪ್‌ಗೂ ವ್ಯತ್ಯಾಸ ಇದೆಯಾ?

ಈಗ ಕಡಿಮೆಯಾಗಿದೆ. ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್‌ನಿಂದ ನಡೆಯುತ್ತಿದೆ. 2024ರ ಜೂನ್‌ನಲ್ಲಿ ಪಂಚ್ ಇವಿ, ನೆಕ್ಸಾನ್ ಇವಿ ಎರಡಕ್ಕೂ ಐದು ಸ್ಟಾರ್ ಬಂತು. ಆರು ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ ಬೇಸ್‌ನಲ್ಲೂ ಕೊಡುವ ಕಾರುಗಳೇ ಜಾಸ್ತಿ. ಕೊಡದ ಕಾರಾದರೆ ಅವು ಸಿಗುವ ವೇರಿಯಂಟ್‌ವರೆಗೆ ಏರಿ, ಇಲ್ಲಿ ಲೆಕ್ಕ ನೋಡಬೇಡಿ.

ದುಡ್ಡಿನ ಲೆಕ್ಕದಲ್ಲಿ ವ್ಯತ್ಯಾಸ ಎಷ್ಟಾಗುತ್ತದೆ?

ನಡುವಿನದಕ್ಕೂ ಟಾಪ್ ಎಂಡ್‌ಗೂ ಒಂದೂವರೆ ಲಕ್ಷ ಅಂತರ ಅಂತ ಇಟ್ಟುಕೊಳ್ಳಿ. ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ಅದಕ್ಕೇ ತಿಂಗಳಿಗೆ ಸುಮಾರು 3,100 ರೂಪಾಯಿ ಕಂತು. ಐದು ವರ್ಷಕ್ಕೆ 1.87 ಲಕ್ಷ ಹತ್ತಿರ. ಇನ್ಶೂರೆನ್ಸ್ ಕಾರಿನ ಬೆಲೆಯ ಮೇಲೆ ಹೋಗುವುದರಿಂದ ಅದೂ ಪ್ರತಿ ವರ್ಷ ಸ್ವಲ್ಪ ಜಾಸ್ತಿ. ಕಾಫಿ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುವ ಮನೆಗಳಲ್ಲಿ ತಿಂಗಳ ಕಂತು ಏರಿಸಿಕೊಳ್ಳುವ ಮುಂಚೆ ಇದನ್ನು ಯೋಚಿಸಬೇಕು.

25 ಲಕ್ಷದ ಆಸುಪಾಸಿನ ಕಾರಾದರೆ ಇನ್ನೂ ಹುಷಾರಾಗಿರಿ. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ರಸ್ತೆ ತೆರಿಗೆ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷಕ್ಕಿಂತ ಜಾಸ್ತಿ ಬೆಲೆಯವಕ್ಕೆ ಶೇ 10ರ ಜೀವಿತಾವಧಿ ತೆರಿಗೆ ಹಾಕಿದರು. ಆ ಲೆಕ್ಕದಲ್ಲಿ 24.5 ಲಕ್ಷದ ವೇರಿಯಂಟ್ ಬಿಟ್ಟು 25.5 ಲಕ್ಷದ್ದಕ್ಕೆ ಹೋದರೆ ಒಂದು ಲಕ್ಷದ ಜೊತೆಗೆ 2.55 ಲಕ್ಷ ತೆರಿಗೆ. ತೆರಿಗೆ ನಿಯಮ ಬದಲಾಗುತ್ತಿರುತ್ತದೆ, ಬುಕ್ ಮಾಡುವ ಮುಂಚೆ ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿ ಆ ದಿನದ ದರ ಕೇಳಿ. ಶೋರೂಮಿನ ಬಾಯಿಮಾತು ಸಾಲದು.

ಬೇಸ್ ತಗೊಂಡು ಹೊರಗೆ ಎಲ್ಲ ಹಾಕಿಸಿದರೆ?

ಸೀಟ್ ಕವರ್, ಮ್ಯಾಟ್, ಸ್ಪೀಕರ್ ಸರಿ. ಫಾಗ್ ಲ್ಯಾಂಪ್, ಹೆಡ್‌ಲೈಟ್ ಅಂತ ವಯರ್ ಕತ್ತರಿಸುವ ಕೆಲಸ ಬೇಡ. ಮುಂದೆ ಆ ಕಡೆಯ ವಯರಿಂಗ್‌ನಲ್ಲಿ ಏನೇ ತೊಂದರೆ ಬಂದರೂ ವಾರಂಟಿ ಇಲ್ಲ ಅನ್ನಬಹುದು. ಹಿಂದಿನ ವೈಪರ್ ಅಂತೂ ಹೊರಗೆ ಹಾಕಿಸುವ ಸಾಮಾನಲ್ಲ.

ವಾರಂಟಿ ಎಲ್ಲ ವೇರಿಯಂಟ್‌ಗೂ ಒಂದೇನಾ?

ಯಾವಾಗಲೂ ಅಲ್ಲ. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಅನ್ನುವುದು ಮಾಮೂಲಿ. ಟಾಟಾ 2025ರಲ್ಲಿ ಜೀವಮಾನದ ಬ್ಯಾಟರಿ ವಾರಂಟಿಯನ್ನು 45 ಯೂನಿಟ್‌ನ ನೆಕ್ಸಾನ್ ಇವಿಗೆ ಕೊಟ್ಟಿತು, ಚಿಕ್ಕ ಬ್ಯಾಟರಿಗೆ ಕೊಡಲಿಲ್ಲ. ಇಂಥ ವಾರಂಟಿ ಹೆಚ್ಚಾಗಿ ಮೊದಲ ಮಾಲೀಕರಿಗೆ ಮಾತ್ರ. ಕಾರನ್ನು ಮಗನ ಹೆಸರಲ್ಲಿ ತಗೊಳ್ಳೋದಾ, ಅಪ್ಪನ ಹೆಸರಲ್ಲಾ ಅನ್ನುವುದನ್ನೂ ಇದನ್ನು ನೋಡಿ ತೀರ್ಮಾನ ಮಾಡಿ.

ಮಾರುವಾಗ ಟಾಪ್ ಎಂಡ್‌ಗೆ ಬೆಲೆ ಸಿಗುತ್ತಾ?

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕೇಳುವುದು ಬ್ಯಾಟರಿ ಎಷ್ಟು ದೊಡ್ಡದು, ಎಷ್ಟು ಆರೋಗ್ಯವಾಗಿದೆ ಅಂತ. ಆಮೇಲೆ ವಾರಂಟಿ. ಸ್ಪೀಕರ್, ಗಾಜಿನ ಛಾವಣಿಗೆ ನೀವು ಕೊಟ್ಟ ದುಡ್ಡು ಹಾಗೇ ವಾಪಸ್ ಬರುವುದಿಲ್ಲ.

ಹಾಗಾದರೆ ಟಾಪ್ ಎಂಡ್ ಯಾರಿಗೆ ಸರಿ?

ವಾರದಲ್ಲಿ ಅರ್ಧ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವವರಿಗೆ. ವಿ2ಎಲ್ ಟಾಪ್ ಎಂಡ್‌ನಲ್ಲಿ ಮಾತ್ರ ಇದ್ದು, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಜಾಗದಲ್ಲಿ ಮನೆ ಇರುವವರಿಗೆ. ಬೆನ್ನುನೋವು ಇರುವವರಿಗೆ, ಎತ್ತರ ಇಳಿಸಿ ಏರಿಸುವ ಎಲೆಕ್ಟ್ರಿಕ್ ಸೀಟು ಅಲ್ಲಿ ಮಾತ್ರ ಸಿಗುವುದಾದರೆ. ಇಷ್ಟು ಬಿಟ್ಟರೆ ಇಷ್ಟಪಟ್ಟು ತಗೊಳ್ಳುವವರಿಗೆ, ಅದರಲ್ಲಿ ತಪ್ಪೇನಿಲ್ಲ.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು?

ಶೋರೂಮಿನಲ್ಲಿ ಓಡಿಸಲು ಕೊಡುವುದು ಹೆಚ್ಚಾಗಿ ಟಾಪ್ ಎಂಡ್. ನೀವು ಕೊಳ್ಳಬೇಕೆಂದಿರುವ ವೇರಿಯಂಟನ್ನೇ ಕೇಳಿ. ಸಾಧ್ಯವಾದರೆ ಕಾರನ್ನು ಮನೆಗೇ ತರಿಸಿ, ಮಳೆಗಾಲದಲ್ಲಿ, ಸಂಜೆ ಹೊತ್ತು. ಮನೆಯವರೆಲ್ಲ ಕೂತು ನಿಮ್ಮ ತೋಟದ ದಾರಿಯಲ್ಲೇ ಇಳಿಸಿ ಹತ್ತಿಸಿ, ಅಡಿಯಲ್ಲಿ ಎಲ್ಲಾದರೂ ಕಲ್ಲು ತಾಗುತ್ತದಾ ನೋಡಿ. ಬ್ಯಾಟರಿ ಇರುವುದು ಅಲ್ಲೇ. ಹಿಂದಿನ ಸೀಟಿನಲ್ಲಿ ನೀವೇ ಹತ್ತು ನಿಮಿಷ ಕೂತು ನೋಡಿ, ಬ್ಯಾಟರಿಯಿಂದ ನೆಲ ಎತ್ತರವಾಗಿ ಮಂಡಿ ಮೇಲೆದ್ದಿರುತ್ತದೆ, ವಯಸ್ಸಾದವರಿಗೆ ಮೈಸೂರುವರೆಗೆ ಕಷ್ಟ. ಕತ್ತಲಾದ ಮೇಲೆ ಲೈಟ್ ಹಾಕಿ ಒಂದು ತಿರುವು ತಿರುಗಿಸಿ. ವಾಪಸ್ ಬಂದು ಕಾರಿನ ಜೊತೆ ಬಂದ ಚಾರ್ಜರನ್ನು ನಿಮ್ಮ ಮನೆಯ ಸಾಕೆಟ್‌ಗೆ ಹಾಕಿ, ಅರ್ಧ ಗಂಟೆ ಬಿಟ್ಟು ಪ್ಲಗ್ ಬಿಸಿಯಾಗಿದೆಯಾ ಅಂತ ಹೊರಗಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಸಾಕೆಟ್, ವೈರಿಂಗ್ ಬದಲಿಸಲು ತಗಲುವ ಖರ್ಚನ್ನು ಮೊದಲು ಎತ್ತಿಡಿ, ವೇರಿಯಂಟ್ ವಿಷಯ ಆಮೇಲೆ ಮಾತಾಡಿ.